ಸೀಮೆಎಣ್ಣೆ ಪಂಪ್ ಸ್ಟೌ ಬಿಡಿಭಾಗಗಳು

ಸೀಮೆಎಣ್ಣೆ ಪಂಪ್ ಸ್ಟೌ ಬಿಡಿಭಾಗಗಳು ಎಂದರೆ, ಗಾಳಿಯ ಒತ್ತಡದಿಂದ ಸೀಮೆಎಣ್ಣೆಯನ್ನು ಆವಿಯಾಗಿಸಿ ಉರಿಸುವ ಒಲೆಯಲ್ಲಿ ಸವೆದಾಗ ಅಥವಾ ಕೆಟ್ಟಾಗ ಬದಲಾಯಿಸಬಹುದಾದ ಭಾಗಗಳು. ನಿಪ್ಪಲ್, ಪಿನ್ನು, ಬರ್ನರ್, ಪಂಪಿನ ಚರ್ಮದ ವಾಷರ್, ಪಂಪಿನ ತಳದ ಏಕಮುಖ ಕವಾಟ, ಮುಚ್ಚಳದ ವಾಷರ್ ಮತ್ತು ಗಾಳಿ ಬಿಡುವ ತಿರುಪು ಇವುಗಳಲ್ಲಿ ಮುಖ್ಯವಾದವು. 1892ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡ ಪ್ರೈಮಸ್ ಒಲೆಯ ವಿನ್ಯಾಸವನ್ನು ಅನೇಕ ದೇಶಗಳ ತಯಾರಕರು ಅನುಸರಿಸಿದ್ದರಿಂದ, ಒಂದು ಸಂಸ್ಥೆಯ ಒಲೆಗೆ ಮತ್ತೊಂದು ಸಂಸ್ಥೆಯ ಭಾಗ ಹೊಂದಿಕೊಳ್ಳುವ ಸಂದರ್ಭಗಳು ಹಲವು. ಈ ಕಾರಣದಿಂದಲೇ ತಯಾರಿಕೆ ನಿಂತು ದಶಕಗಳಾದ ಒಲೆಗಳನ್ನೂ ದುರಸ್ತಿ ಮಾಡಿ ಬಳಸಲು ಸಾಧ್ಯವಾಗಿದೆ. ಆದರೆ ಥ್ರೆಡ್ಡಿಗೆ ಸರಿಯಾಗಿ ಕೂರುವ ಭಾಗವೆಲ್ಲ ಆ ಒಲೆಗೆ ತಕ್ಕ ಭಾಗವಾಗಿರುವುದಿಲ್ಲ. ತಪ್ಪು ಅಳತೆಯ ನಿಪ್ಪಲ್ ಅಥವಾ ಎಣ್ಣೆಗೆ ತಾಳದ ವಾಷರ್ ಬೆಂಕಿ ಅವಘಡಕ್ಕೆ ಕಾರಣವಾಗಬಲ್ಲದು.

## ಹಿನ್ನೆಲೆ

ಬತ್ತಿಯಿಲ್ಲದೆ, ಮಸಿಯಿಲ್ಲದೆ ಉರಿಯುವ ಸೀಮೆಎಣ್ಣೆ ಒಲೆಯನ್ನು ಸ್ಟಾಕ್‌ಹೋಮ್‌ನ ಕಾರ್ಖಾನೆಯೊಂದರಲ್ಲಿ ಕುಶಲಕರ್ಮಿಯಾಗಿದ್ದ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದರು. ಅದಕ್ಕೂ ಒಂದು ದಶಕ ಮೊದಲು ಸ್ವೀಡನ್ನಿನ ಕಾರ್ಲ್ ರಿಚರ್ಡ್ ನ್ಯೂಬೆರಿ ಬೆಸುಗೆ ಕೆಲಸಕ್ಕೆ ಬಳಸುವ ಊದುದೀಪವನ್ನು ತಯಾರಿಸಿದ್ದರು. ಇಂಧನವನ್ನು ಆವಿಯಾಗಿಸಿ ಸಣ್ಣ ರಂಧ್ರದ ಮೂಲಕ ಚಿಮ್ಮಿಸುವುದು ಎರಡಕ್ಕೂ ಸಮಾನವಾದ ತತ್ತ್ವ. ಲಿಂಡ್‌ಕ್ವಿಸ್ಟರ ಒಲೆಯನ್ನು ಬಿ. ಎ. ಯೋರ್ತ್ ಸಂಸ್ಥೆ ಜಗತ್ತಿನಾದ್ಯಂತ ಮಾರಾಟ ಮಾಡಿತು. ಪ್ರೈಮಸ್ ಎಂಬುದು ವ್ಯಾಪಾರನಾಮವಾಗಿದ್ದರೂ ಕಾಲಕ್ರಮದಲ್ಲಿ ಈ ಬಗೆಯ ಒಲೆಗಳಿಗೆಲ್ಲ ಸಾಮಾನ್ಯ ಹೆಸರಾಯಿತು.

ಸ್ವೀಡನ್ನಿನ ಆಪ್ಟಿಮಸ್, ರೇಡಿಯಸ್ ಮತ್ತು ಸ್ವೆಯಾ, ಇಂಗ್ಲೆಂಡಿನ ಮಾನಿಟರ್ ಹಾಗೂ ಪೋರ್ಚುಗಲ್ಲಿನ ಹಿಪೋಲಿಟೋ ಇದೇ ಮಾದರಿಯ ಒಲೆಗಳ ಹೆಸರಾಂತ ಗುರುತುಗಳು. 1911ರಲ್ಲಿ ದಕ್ಷಿಣ ಧ್ರುವವನ್ನು ತಲುಪಿದ ರೋಆಲ್ಡ್ ಅಮುಂಡ್ಸೆನ್ ಅವರ ತಂಡ ಹಾಗೂ 1953ರ ಎವರೆಸ್ಟ್ ಯಾತ್ರೆಯ ತಂಡ ಪ್ರೈಮಸ್ ಒಲೆಗಳನ್ನು ಒಯ್ದಿದ್ದವು. 1962ರಲ್ಲಿ ಪ್ರೈಮಸ್‌ನ ಸೀಮೆಎಣ್ಣೆ ಒಲೆಗಳ ತಯಾರಿಕೆ ಆಪ್ಟಿಮಸ್ ಸಂಸ್ಥೆಗೆ ವರ್ಗಾವಣೆಯಾಯಿತು.

ಭಾರತಕ್ಕೆ ಈ ಒಲೆಗಳು ಮೊದಲು ಆಮದಾಗಿ ಬಂದವು. ನಂತರ ದೇಶದೊಳಗೇ ಇವುಗಳ ತಯಾರಿಕೆ ವ್ಯಾಪಕವಾಯಿತು. ಅಡುಗೆ ಅನಿಲ ಮನೆಮನೆಗೆ ತಲುಪುವ ಮುನ್ನ ಕರ್ನಾಟಕದ ನಗರ ಮತ್ತು ಪಟ್ಟಣಗಳ ಮನೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ, ಚಹಾದ ಅಂಗಡಿಗಳಲ್ಲಿ ಪಂಪ್ ಸ್ಟೌ ಸಾಮಾನ್ಯವಾಗಿತ್ತು. ಪಿನ್ನು, ವಾಷರ್ ಮತ್ತು ನಿಪ್ಪಲ್‌ಗಳು ಪಾತ್ರೆ ಅಂಗಡಿಯಲ್ಲೂ ಕಿರಾಣಿ ಅಂಗಡಿಯಲ್ಲೂ ಸಿಗುತ್ತಿದ್ದವು. ಕೊಡೆ, ಬೀಗ, ಗ್ಯಾಸ್‌ಲೈಟ್ ಮೊದಲಾದವುಗಳ ಜೊತೆಗೆ ಸ್ಟೌ ದುರಸ್ತಿಯನ್ನೂ ಮಾಡಿಕೊಡುವ ಕುಶಲಕರ್ಮಿಗಳು ಪೇಟೆಬೀದಿಗಳಲ್ಲಿ ಇರುತ್ತಿದ್ದರು.

## ಕಾರ್ಯವಿಧಾನ

ಒಲೆಯ ತಳದಲ್ಲಿ ಸಾಮಾನ್ಯವಾಗಿ ಹಿತ್ತಾಳೆಯ ತೊಟ್ಟಿ ಇರುತ್ತದೆ. ತೊಟ್ಟಿಯ ಮುಕ್ಕಾಲು ಭಾಗದಷ್ಟು ಸೀಮೆಎಣ್ಣೆ ತುಂಬಿ, ಮೇಲೆ ಗಾಳಿಗೆ ಜಾಗ ಉಳಿಸಲಾಗುತ್ತದೆ. ಬರ್ನರ್‌ನ ಕೆಳಗಿರುವ ಬಟ್ಟಲಿಗೆ ಸ್ಪಿರಿಟ್ ಹಾಕಿ ಉರಿಸಿದಾಗ ಬರ್ನರ್‌ನ ಕೊಳವೆಗಳು ಕಾಯುತ್ತವೆ. ಬಳಿಕ ಪಂಪು ಹೊಡೆದರೆ ಗಾಳಿಯ ಒತ್ತಡದಿಂದ ಎಣ್ಣೆ ಮೇಲೇರಿ, ಕಾದ ಕೊಳವೆಗಳಲ್ಲಿ ಆವಿಯಾಗುತ್ತದೆ. ಈ ಆವಿ ನಿಪ್ಪಲ್‌ನ ಸೂಕ್ಷ್ಮ ರಂಧ್ರದಿಂದ ಚಿಮ್ಮುವಾಗ ಸುತ್ತಲಿನ ಗಾಳಿಯನ್ನು ಸೆಳೆದುಕೊಂಡು ನೀಲಿ ಜ್ವಾಲೆಯಾಗಿ ಉರಿಯುತ್ತದೆ. ಜ್ವಾಲೆಯ ಶಾಖವೇ ಮುಂದಿನ ಎಣ್ಣೆಯನ್ನೂ ಆವಿಯಾಗಿಸುವುದರಿಂದ ಸ್ಪಿರಿಟ್ ಮತ್ತೆ ಬೇಕಾಗುವುದಿಲ್ಲ. ಗಾಳಿ ಬಿಡುವ ತಿರುಪನ್ನು ಸಡಿಲಿಸಿದರೆ ಒತ್ತಡ ಇಳಿದು ಒಲೆ ಆರುತ್ತದೆ.

ಒತ್ತಡ ಹಿಡಿದಿಟ್ಟುಕೊಳ್ಳುವ ಭಾಗಗಳು ಮತ್ತು ಆವಿಯ ಪ್ರಮಾಣವನ್ನು ನಿರ್ಧರಿಸುವ ಭಾಗಗಳು ಎಂದು ಬಿಡಿಭಾಗಗಳನ್ನು ಎರಡಾಗಿ ವಿಂಗಡಿಸಬಹುದು. ಮೊದಲನೆಯವು ಕೆಟ್ಟರೆ ಎಣ್ಣೆ ಅಥವಾ ಗಾಳಿ ಸೋರುತ್ತದೆ. ಎರಡನೆಯವು ಕೆಟ್ಟರೆ ಜ್ವಾಲೆ ಹಾಳಾಗುತ್ತದೆ.

## ಮುಖ್ಯ ಬಿಡಿಭಾಗಗಳು

### ನಿಪ್ಪಲ್ ಮತ್ತು ಪಿನ್ನು

ನಿಪ್ಪಲ್ ಒಲೆಯ ಅತ್ಯಂತ ಚಿಕ್ಕ ಭಾಗವಾದರೂ ಅತ್ಯಂತ ನಿಖರವಾದದ್ದು. ಸೀಮೆಎಣ್ಣೆ ಒಲೆಯ ನಿಪ್ಪಲ್ ರಂಧ್ರದ ವ್ಯಾಸ ಸುಮಾರು 0.3 ಮಿಲಿಮೀಟರ್. ಚಿಕ್ಕ ಬರ್ನರ್‌ಗಳಲ್ಲಿ ಇದು ಇನ್ನೂ ಕಿರಿದು. ಎಣ್ಣೆಯಲ್ಲಿನ ಕಲ್ಮಶ ಮತ್ತು ಇಂಗಾಲದಿಂದ ರಂಧ್ರ ಕಟ್ಟಿಕೊಂಡಾಗ ತಗಡಿನ ಹಿಡಿಯ ತುದಿಯಲ್ಲಿ ತೆಳು ತಂತಿ ಇರುವ ಪಿನ್ನಿನಿಂದ ಚುಚ್ಚಿ ಬಿಡಿಸಲಾಗುತ್ತದೆ. ಕೆಲವು ಮಾದರಿಗಳಲ್ಲಿ ಪಿನ್ನು ಬರ್ನರ್‌ನ ಒಳಗೇ ಇದ್ದು, ಹೊರಗಿನ ಗುಬ್ಬಿಯನ್ನು ತಿರುಗಿಸಿದಾಗ ಮೇಲೇರಿ ರಂಧ್ರವನ್ನು ಶುಚಿಗೊಳಿಸುತ್ತದೆ.

ದಪ್ಪ ತಂತಿ ಅಥವಾ ಹೊಲಿಗೆ ಸೂಜಿಯಿಂದ ಚುಚ್ಚಿದರೆ ರಂಧ್ರ ಹಿಗ್ಗಿ ಅಂಡಾಕಾರವಾಗುತ್ತದೆ. ಹಿಗ್ಗಿದ ನಿಪ್ಪಲ್‌ನಿಂದ ಸೆಳೆದ ಗಾಳಿಗೆ ಮೀರಿದಷ್ಟು ಆವಿ ಹೊರಬಂದು ಹಳದಿ ಜ್ವಾಲೆ, ಮಸಿ ಮತ್ತು ಕಮಟು ವಾಸನೆ ಉಂಟಾಗುತ್ತವೆ. ಹಿಗ್ಗಿದ ರಂಧ್ರವನ್ನು ಸರಿಪಡಿಸಲಾಗದು. ನಿಪ್ಪಲನ್ನೇ ಬದಲಾಯಿಸಬೇಕಾಗುತ್ತದೆ.

### ಬರ್ನರ್

ಬರ್ನರ್‌ನಲ್ಲಿ ಎರಡು ಬಗೆಗಳಿವೆ. ಸದ್ದು ಮಾಡುವ ಬರ್ನರ್‌ನಲ್ಲಿ ಚಿಮ್ಮುವ ಆವಿ ಒಂದು ಲೋಹದ ತಟ್ಟೆಗೆ ಬಡಿದು ಸುತ್ತಲೂ ಹರಡಿ ಭೋರ್ಗರೆಯುತ್ತ ಉರಿಯುತ್ತದೆ. ಸದ್ದಿಲ್ಲದ ಬರ್ನರ್‌ನಲ್ಲಿ ರಂಧ್ರಗಳಿರುವ ಒಳಟೊಪ್ಪಿಗೆ ಮತ್ತು ಹೊರಟೊಪ್ಪಿಗೆಗಳ ಮೂಲಕ ಆವಿ ಹಾದು ಸಣ್ಣ ಸಣ್ಣ ಜ್ವಾಲೆಗಳಾಗುತ್ತದೆ. ಜ್ವಾಲೆಯ ನೇರ ಶಾಖಕ್ಕೆ ಸಿಗುವ ತಟ್ಟೆ ಮತ್ತು ಟೊಪ್ಪಿಗೆಗಳು ಕಾಲಕ್ರಮದಲ್ಲಿ ಸುಟ್ಟು ತೆಳುವಾಗುತ್ತವೆ. ಒಂದು ಬಗೆಯ ಟೊಪ್ಪಿಗೆಯನ್ನು ಮತ್ತೊಂದು ಬಗೆಯ ಬರ್ನರ್‌ಗೆ ಹಾಕಲಾಗದು.

ಬರ್ನರ್‌ನ ಒಳಕೊಳವೆಗಳಲ್ಲಿ ಇಂಗಾಲ ಗಟ್ಟಿಯಾಗಿ ಕಟ್ಟಿಕೊಂಡರೆ ನಿಪ್ಪಲ್ ಹೊಸದಾಗಿದ್ದರೂ ಜ್ವಾಲೆ ಬಲಗೊಳ್ಳುವುದಿಲ್ಲ. ಬರ್ನರನ್ನು ಬಿಚ್ಚಿ, ನಿಪ್ಪಲ್ ತೆಗೆದು, ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದುವುದು ದುರಸ್ತಿಗಾರರ ಹಳೆಯ ಕ್ರಮ. ಇದರಿಂದ ಇಂಗಾಲ ಬಿರಿದು ಉದುರುತ್ತದೆ. ಆದರೆ ಹಳೆಯ ಬರ್ನರ್‌ನ ಬೆಸುಗೆಯೂ ಬಿರಿಯುವ ಸಂಭವವಿದೆ. ಬರ್ನರ್ ಮತ್ತು ಮೇಲೇರುವ ಕೊಳವೆಯ ನಡುವೆ ಸೀಸದ ವಾಷರ್ ಇರುತ್ತದೆ. ಒಮ್ಮೆ ಅಮುಕಿ ಕೂತ ಸೀಸದ ವಾಷರ್ ಮತ್ತೆ ಅದೇ ಬಿಗಿ ಕೊಡುವುದಿಲ್ಲವಾದ್ದರಿಂದ ಬರ್ನರ್ ಬಿಚ್ಚಿದಾಗಲೆಲ್ಲ ಅದನ್ನು ಬದಲಾಯಿಸುವುದು ವಾಡಿಕೆ.

### ಪಂಪಿನ ಚರ್ಮದ ವಾಷರ್

ಪಂಪಿನ ಸಲಾಕೆಯ ತುದಿಯಲ್ಲಿ ಬಟ್ಟಲಿನಾಕಾರದ ಚರ್ಮದ ವಾಷರ್ ಇರುತ್ತದೆ. ಕೈಪಿಡಿಯನ್ನು ಒತ್ತಿದಾಗ ಅದರ ಅಂಚು ಅರಳಿ ಕೊಳವೆಗೆ ಅಂಟಿಕೊಂಡು ಗಾಳಿಯನ್ನು ತಳ್ಳುತ್ತದೆ. ಬಹುಕಾಲ ಬಳಸದ ಒಲೆಯಲ್ಲಿ ಚರ್ಮ ಒಣಗಿ ಕುಗ್ಗಿರುತ್ತದೆ. ಆಗ ಪಂಪು ಯಾವ ತಡೆಯೂ ಇಲ್ಲದೆ ಸಲೀಸಾಗಿ ಒಳಹೋಗುತ್ತದೆ. ಚರ್ಮ ಹರಿದಿರದಿದ್ದರೆ ಎಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಿನಿಂದ ಅರಳಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಹಾಗಾಗಿ ಹಳೆಯ ಒಲೆಗಳಲ್ಲಿ ಬದಲಾಯಿಸದೆಯೇ ಸರಿಪಡಿಸಬಹುದಾದ ಭಾಗಗಳಲ್ಲಿ ಇದು ಮೊದಲನೆಯದು.

### ಏಕಮುಖ ಕವಾಟ

ಪಂಪಿನ ಕೊಳವೆಯ ತಳದಲ್ಲಿ ಸಣ್ಣ ಸ್ಪ್ರಿಂಗು ಮತ್ತು ಬಿರಡೆಯ ತುಣುಕಿರುವ ಕವಾಟವಿರುತ್ತದೆ. ಗಾಳಿಯನ್ನು ತೊಟ್ಟಿಯೊಳಗೆ ಬಿಟ್ಟು, ಎಣ್ಣೆ ಹಿಂದಕ್ಕೆ ಬಾರದಂತೆ ತಡೆಯುವುದು ಇದರ ಕೆಲಸ. ಕವಾಟ ಕೆಟ್ಟರೆ ಪಂಪಿನ ಕೈಪಿಡಿ ತಾನಾಗಿಯೇ ಹೊರಗೆ ಬರುತ್ತದೆ ಮತ್ತು ಪಂಪಿನ ಬಾಯಿಯಿಂದ ಎಣ್ಣೆ ಸೋರುತ್ತದೆ. ಉರಿಯುತ್ತಿರುವ ಒಲೆಯ ಪಕ್ಕದಲ್ಲೇ ಹೀಗೆ ಎಣ್ಣೆ ಸೋರುವುದು ಅಪಾಯಕರ. ಕವಾಟ ಕೊಳವೆಯ ಆಳದಲ್ಲಿರುವುದರಿಂದ ಅದನ್ನು ಬಿಚ್ಚಲು ಉದ್ದನೆಯ ವಿಶೇಷ ಕೀಲಿ ಬೇಕು. ಸಾಮಾನ್ಯ ತಿರುಪುಳಿಯಿಂದ ಪ್ರಯತ್ನಿಸಿದರೆ ಕವಾಟದ ತಲೆ ಹಾಳಾಗುತ್ತದೆ.

### ಮುಚ್ಚಳ ಮತ್ತು ಗಾಳಿ ತಿರುಪು

ಎಣ್ಣೆ ತುಂಬುವ ಬಾಯಿಯ ಮುಚ್ಚಳದ ಒಳಗೆ ರಬ್ಬರಿನಂಥ ವಾಷರ್ ಇರುತ್ತದೆ. ಸೈಕಲ್ ಟ್ಯೂಬನ್ನು ಕತ್ತರಿಸಿ ಇಂಥ ವಾಷರ್ ಮಾಡುವ ರೂಢಿಯಿದೆ. ಆದರೆ ಟ್ಯೂಬಿನ ರಬ್ಬರ್ ಸೀಮೆಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆಗೆ ತಾಳುವ ನೈಟ್ರೈಲ್ ರಬ್ಬರ್ ಈ ಕೆಲಸಕ್ಕೆ ತಕ್ಕದ್ದು. ಗಾಳಿ ತಿರುಪಿನ ತುದಿ ಶಂಕುವಿನಾಕಾರದಲ್ಲಿದ್ದು, ಅದು ಸವೆದರೆ ಒತ್ತಡ ನಿಧಾನವಾಗಿ ಇಳಿಯುತ್ತದೆ. ಜ್ವಾಲೆಯನ್ನು ಹೆಚ್ಚು ಕಡಿಮೆ ಮಾಡುವ ಗುಬ್ಬಿಯಿರುವ ಒಲೆಗಳಲ್ಲಿ ಆ ಸಲಾಕೆಯ ಸುತ್ತ ಗ್ರಾಫೈಟ್ ತುಂಬಿರುತ್ತಾರೆ. ಹಳೆಯ ಕೆಲವು ಒಲೆಗಳಲ್ಲಿ ಇದೇ ಜಾಗದಲ್ಲಿ ಕಲ್ನಾರು ಇರುವ ಸಾಧ್ಯತೆಯಿದ್ದು, ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ಅದನ್ನು ಒಣಗಿದ ಸ್ಥಿತಿಯಲ್ಲಿ ಕೆರೆದು ತೆಗೆಯಬಾರದು.

## ಒಲೆಯ ಗುರುತು ಮತ್ತು ಅಳತೆ

ಸರಿಯಾದ ಭಾಗವನ್ನು ಹುಡುಕುವ ಮೊದಲ ಹೆಜ್ಜೆ ಒಲೆಯನ್ನು ಗುರುತಿಸುವುದು. ತಯಾರಕರ ಹೆಸರು ಮತ್ತು ಮಾದರಿಯ ಸಂಖ್ಯೆ ಸಾಮಾನ್ಯವಾಗಿ ತೊಟ್ಟಿಯ ಮೇಲ್ಭಾಗದಲ್ಲಿ ಒತ್ತಿರುತ್ತವೆ. ಪ್ರೈಮಸ್ ಒಲೆಗಳ ತೊಟ್ಟಿಯ ತಳದಲ್ಲಿ 1911ರಿಂದ ತಯಾರಿಕೆಯ ವರ್ಷವನ್ನು ಸೂಚಿಸುವ ಅಕ್ಷರವನ್ನು ಒತ್ತಲಾಗುತ್ತಿತ್ತು. ಆ ಅಕ್ಷರಮಾಲೆಯ ಮೊದಲ ಅಕ್ಷರ 1911ನ್ನು ಸೂಚಿಸುತ್ತದೆ. ಆದರೆ ಹಲವು ಕೈ ಬದಲಾದ ಒಲೆಯಲ್ಲಿ ತೊಟ್ಟಿ ಒಬ್ಬರದು, ಬರ್ನರ್ ಮತ್ತೊಬ್ಬರದು ಆಗಿರುವುದು ಸಾಮಾನ್ಯ. ಆದ್ದರಿಂದ ತೊಟ್ಟಿಯ ಮೇಲಿನ ಹೆಸರನ್ನಷ್ಟೇ ನಂಬದೆ ಪ್ರತಿಯೊಂದು ಭಾಗವನ್ನೂ ಬೇರೆಯಾಗಿ ಅಳೆಯಲಾಗುತ್ತದೆ. ಗಮನಿಸಬೇಕಾದ ಅಳತೆಗಳು ಇವು:

- ನಿಪ್ಪಲ್‌ನ ಥ್ರೆಡ್ಡಿನ ವ್ಯಾಸ, ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ ಮತ್ತು ನಿಪ್ಪಲ್‌ನ ಎತ್ತರ
- ನಿಪ್ಪಲ್ ರಂಧ್ರದ ವ್ಯಾಸ
- ಬರ್ನರ್ ತಳದ ಥ್ರೆಡ್ಡು ಒಳಗಿದೆಯೋ ಹೊರಗಿದೆಯೋ ಎಂಬುದು ಮತ್ತು ಅದರ ವ್ಯಾಸ
- ಪಂಪಿನ ಕೊಳವೆಯ ಒಳವ್ಯಾಸ
- ಮುಚ್ಚಳದ ವಾಷರಿನ ಹೊರವ್ಯಾಸ ಮತ್ತು ದಪ್ಪ

ನಿಪ್ಪಲ್‌ನ ಎತ್ತರವನ್ನು ಅನೇಕರು ಕಡೆಗಣಿಸುತ್ತಾರೆ. ಥ್ರೆಡ್ಡು ಸರಿಹೊಂದಿದರೂ ಎತ್ತರದಲ್ಲಿ ವ್ಯತ್ಯಾಸವಿದ್ದರೆ ಆವಿಗೆ ಬೆರೆಯುವ ಗಾಳಿಯ ಪ್ರಮಾಣ ಬದಲಾಗುತ್ತದೆ. ಪೆಟ್ರೋಲ್ ಒಲೆಯ ನಿಪ್ಪಲ್ ನೋಡಲು ಸೀಮೆಎಣ್ಣೆ ಒಲೆಯದರಂತೆಯೇ ಇರಬಹುದು. ಆದರೆ ಎರಡರ ರಂಧ್ರದ ಅಳತೆ ಒಂದೇ ಆಗಿರುವುದಿಲ್ಲ.

## ದೋಷಗಳು ಮತ್ತು ಸಂಬಂಧಿಸಿದ ಭಾಗಗಳು

- ಪಂಪು ಹೊಡೆದರೂ ಒತ್ತಡ ಏರುವುದಿಲ್ಲ: ಪಂಪಿನ ಚರ್ಮ ಒಣಗಿದೆ ಅಥವಾ ಹರಿದಿದೆ.
- ಪಂಪಿನ ಕೈಪಿಡಿ ತಾನಾಗಿ ಮೇಲೇರುತ್ತದೆ: ಏಕಮುಖ ಕವಾಟ ಕೆಟ್ಟಿದೆ.
- ಒತ್ತಡ ಏರಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ: ಮುಚ್ಚಳದ ವಾಷರ್ ಅಥವಾ ಗಾಳಿ ತಿರುಪು ಸವೆದಿದೆ, ಇಲ್ಲವೇ ತೊಟ್ಟಿಯಲ್ಲಿ ಬಿರುಕಿದೆ.
- ಜ್ವಾಲೆ ಒಂದೇ ಬದಿಗೆ ವಾಲುತ್ತದೆ: ನಿಪ್ಪಲ್ ರಂಧ್ರ ಭಾಗಶಃ ಕಟ್ಟಿದೆ ಅಥವಾ ಟೊಪ್ಪಿಗೆ ಓರೆಯಾಗಿ ಕೂತಿದೆ.
- ಎತ್ತರದ ಹಳದಿ ಜ್ವಾಲೆ: ಬರ್ನರ್ ಸಾಕಷ್ಟು ಕಾದಿಲ್ಲ. ಕಾದ ಮೇಲೂ ಹೀಗೇ ಇದ್ದರೆ ನಿಪ್ಪಲ್ ರಂಧ್ರ ಹಿಗ್ಗಿದೆ.
- ಬರ್ನರ್‌ನ ಬುಡದಲ್ಲಿ ಸಣ್ಣ ಜ್ವಾಲೆ: ಸೀಸದ ವಾಷರ್ ಸೋರುತ್ತಿದೆ. ಒಲೆಯನ್ನು ಕೂಡಲೇ ಆರಿಸಬೇಕು.

## ಭಾಗಗಳು ದೊರೆಯುವ ಮೂಲಗಳು

ಹೊಸ ಭಾಗಗಳ ಮುಖ್ಯ ಮೂಲ ಹಳೆಯ ಪಾತ್ರೆ ಅಂಗಡಿಗಳು ಮತ್ತು ಹಾರ್ಡ್‌ವೇರ್ ಅಂಗಡಿಗಳು. ಬೇಡಿಕೆ ಕಡಿಮೆಯಾದ ನಂತರ ಇಂಥ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ದಾಸ್ತಾನು ಸಿಗುವುದುಂಟು. ದಾಸ್ತಾನಿನಲ್ಲಿ ಉಳಿದ ಲೋಹದ ಭಾಗಗಳು ಬಹುಮಟ್ಟಿಗೆ ಹೊಸದರಂತೆಯೇ ಇರುತ್ತವೆ. ರಬ್ಬರ್ ವಾಷರ್‌ಗಳು ಮಾತ್ರ ವರ್ಷಗಳು ಕಳೆದಂತೆ ಪೆಡಸಾಗುತ್ತವೆ. ಹೀಗಾಗಿ ಅವು ಪೊಟ್ಟಣ ಬಿಚ್ಚದಿದ್ದರೂ ಹೊಸವೆಂದು ಪರಿಗಣಿಸಲಾಗದು.

ಎರಡನೆಯ ಮೂಲ ಗುಜರಿ. ಬೆಂಗಳೂರಿನ ಚಿಕ್ಕಪೇಟೆ ಬಳಿಯ ಭಾನುವಾರದ ಸಂತೆಯಂಥ ಹಳೆ ಸಾಮಾನಿನ ಮಾರುಕಟ್ಟೆಗಳು ಮತ್ತು ಹಿತ್ತಾಳೆ ತೂಕಕ್ಕೆ ಕೊಳ್ಳುವ ಅಂಗಡಿಗಳು ಈ ವರ್ಗಕ್ಕೆ ಸೇರುತ್ತವೆ. ತೊಟ್ಟಿ ಒಡೆದು ಕೆಲಸಕ್ಕೆ ಬಾರದ ಒಲೆಯಿಂದಲೂ ಬರ್ನರ್, ಕಾಲುಗಳು, ಪಾತ್ರೆ ಇಡುವ ಬಳೆ ಮತ್ತು ಪಂಪಿನ ಸಲಾಕೆಯನ್ನು ಉಳಿಸಿಕೊಳ್ಳಬಹುದು. ಹಿತ್ತಾಳೆಯ ಬೆಲೆಯಿಂದಾಗಿ ಬಹುಪಾಲು ಒಲೆಗಳು ಹೀಗೆ ಬಿಚ್ಚಲ್ಪಡುವ ಮೊದಲೇ ಕರಗಿಹೋಗುತ್ತವೆ.

ಮೂರನೆಯದು ಸಹೋದರ ಸಾಧನಗಳು. ಯಕ್ಷಗಾನ ಬಯಲಾಟ, ಮದುವೆ ಮತ್ತು ಜಾತ್ರೆಗಳಲ್ಲಿ ಬಳಸುತ್ತಿದ್ದ ಪೆಟ್ರೋಮ್ಯಾಕ್ಸ್ ಮಾದರಿಯ ಗ್ಯಾಸ್‌ಲೈಟಿನಲ್ಲೂ ಪಂಪು, ಚರ್ಮದ ವಾಷರ್, ಏಕಮುಖ ಕವಾಟ ಮತ್ತು ಪಿನ್ನು ಇವೆ. ಕೊಳವೆಯ ಒಳವ್ಯಾಸ ಒಂದೇ ಆಗಿದ್ದರೆ ಅದರ ಚರ್ಮದ ವಾಷರನ್ನು ಒಲೆಗೂ ಬಳಸಬಹುದು. ನಿಪ್ಪಲ್ ಮತ್ತು ಪಿನ್ನುಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಯುರೋಪಿನಲ್ಲಿ ಹಳೆಯ ಒಲೆಗಳ ಸಂಗ್ರಾಹಕರಿಗಾಗಿ ವಾಷರ್, ಕವಾಟ ಮತ್ತು ನಿಪ್ಪಲ್‌ಗಳನ್ನು ಸಣ್ಣ ಪ್ರಮಾಣದಲ್ಲಿ ಹೊಸದಾಗಿ ತಯಾರಿಸುವವರಿದ್ದಾರೆ. ಭಾರತದಲ್ಲಿ ತಯಾರಾದ ಬರ್ನರ್ ಮತ್ತು ನಿಪ್ಪಲ್‌ಗಳೂ ಅಲ್ಲಿನ ಹಳೆಯ ಒಲೆಗಳಲ್ಲಿ ಬಳಕೆಯಾಗುತ್ತವೆ.

## ಹೊಸದಾಗಿ ಮಾಡಿಸಿಕೊಳ್ಳುವ ಭಾಗಗಳು

ಸಿಗದ ಭಾಗವನ್ನು ಸ್ಥಳೀಯವಾಗಿ ಮಾಡಿಸುವುದೂ ಉಂಟು. ಚರ್ಮದ ವಾಷರನ್ನು ನೆನೆಸಿದ ಚರ್ಮದಿಂದ ಅಚ್ಚಿನಲ್ಲಿ ಒತ್ತಿ ತಯಾರಿಸಬಹುದು. ಮುಚ್ಚಳದ ವಾಷರನ್ನು ನೈಟ್ರೈಲ್ ಹಾಳೆಯಿಂದ ಕತ್ತರಿಸಬಹುದು. ಗಾಳಿ ತಿರುಪು ಮತ್ತು ಮುಚ್ಚಳಗಳನ್ನು ಲೇತ್ ಯಂತ್ರವಿರುವ ಕಾರ್ಯಾಗಾರದಲ್ಲಿ ಹಿತ್ತಾಳೆಯ ಸರಳಿನಿಂದ ಕಡೆಸಬಹುದು. ನಿಪ್ಪಲ್‌ನ 0.3 ಮಿಲಿಮೀಟರ್ ರಂಧ್ರವನ್ನು ಸಾಮಾನ್ಯ ಕಾರ್ಯಾಗಾರದಲ್ಲಿ ಕೊರೆಯುವುದು ಕಷ್ಟಸಾಧ್ಯ. ಆದ್ದರಿಂದ ಅದನ್ನು ಕೊಂಡುಕೊಳ್ಳುವುದೇ ಸೂಕ್ತ.

## ಬದಲಾಯಿಸಲಾಗದ ಭಾಗ

ತೊಟ್ಟಿಯೇ ಹಾಳಾದಾಗ ಒಲೆಯ ಆಯುಷ್ಯ ಮುಗಿದಂತೆ. ತೆಳು ಹಿತ್ತಾಳೆ ತಗಡನ್ನು ಒತ್ತಿ ರೂಪಿಸುವಾಗ ಅದರೊಳಗೆ ಬಿಗುವು ಉಳಿದಿರುತ್ತದೆ. ಅಮೋನಿಯಾದ ಸಂಪರ್ಕದಲ್ಲಿ ಇಂಥ ಹಿತ್ತಾಳೆ ಬಿರುಕು ಬಿಡುತ್ತದೆ. ಈ ವಿದ್ಯಮಾನ ಪ್ರಸಿದ್ಧವಾದದ್ದು ಬ್ರಿಟಿಷ್ ಆಳ್ವಿಕೆಯ ಭಾರತದಲ್ಲಿ. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ಬಂದೂಕಿನ ಹಿತ್ತಾಳೆ ತೋಟಾಗಳು ಬಿರುಕು ಬಿಡುತ್ತಿದ್ದವು. ಕುದುರೆಯ ಗಂಜಲದಿಂದ ಹೊರಡುವ ಅಮೋನಿಯಾ ಇದಕ್ಕೆ ಕಾರಣವೆಂದು 1921ರಲ್ಲಿ ವಿವರಿಸಲಾಯಿತು. ಹಿತ್ತಾಳೆಯ ಒಲೆಯನ್ನು ದನದ ಕೊಟ್ಟಿಗೆಯ ಬಳಿ ಇಡುವುದು ಮತ್ತು ಅಮೋನಿಯಾ ಇರುವ ದ್ರಾವಣದಿಂದ ಉಜ್ಜುವುದು ಸಲ್ಲದು ಎಂಬುದಕ್ಕೆ ಇದೇ ಆಧಾರ.

ಸಣ್ಣ ಬಿರುಕನ್ನು ಸೀಸ ಮತ್ತು ತವರದ ಬೆಸುಗೆಯಿಂದ ಮುಚ್ಚಿ, ಎಣ್ಣೆ ತುಂಬದೆ ಗಾಳಿ ಹೊಡೆದು, ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ಪರೀಕ್ಷಿಸಲಾಗುತ್ತದೆ. ಎಣ್ಣೆಯ ಆವಿ ಉಳಿದಿರುವ ತೊಟ್ಟಿಗೆ ಬೆಸುಗೆ ಹಾಕಿದರೆ ಸ್ಫೋಟವಾಗಬಹುದು. ಉದ್ದನೆಯ ಅಥವಾ ಹಲವು ಬಿರುಕುಗಳಿರುವ ತೊಟ್ಟಿಯನ್ನು ಬಳಸದೆ ಬಿಡುವುದೇ ಕ್ಷೇಮ.

## ಸುರಕ್ಷತೆ

ಪಂಪ್ ಸ್ಟೌಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 1342 ಮಾನಕವಿದೆ. ಹಳೆಯ ಅನೇಕ ಒಲೆಗಳು ಮಾನಕ ಜಾರಿಗೆ ಬರುವ ಮೊದಲಿನವು, ಮತ್ತು ಹಲವುಗಳಲ್ಲಿ ಹೆಚ್ಚುವರಿ ಒತ್ತಡವನ್ನು ಹೊರಬಿಡುವ ಸುರಕ್ಷತಾ ಕವಾಟ ಇರುವುದಿಲ್ಲ.

ಇಂಧನದ ಶುದ್ಧತೆಯೂ ಅಷ್ಟೇ ಮುಖ್ಯ. ಭಾರತೀಯ ಮಾನಕದ ಪ್ರಕಾರ ಸೀಮೆಎಣ್ಣೆಯ ಜ್ವಲನಬಿಂದು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್. ಪೆಟ್ರೋಲಿನ ಜ್ವಲನಬಿಂದು ಸೊನ್ನೆಗಿಂತ ಬಹಳ ಕೆಳಗಿದೆ. ಪೆಟ್ರೋಲ್ ಬೆರೆತ ಸೀಮೆಎಣ್ಣೆಯನ್ನು ತುಂಬಿದರೆ ತೊಟ್ಟಿಯಲ್ಲಿ ಒತ್ತಡ ಮಿತಿಮೀರುತ್ತದೆ. ಎಲ್ಲ ಭಾಗಗಳು ಹೊಸದಾಗಿದ್ದರೂ ಈ ಅಪಾಯ ತಪ್ಪದು. ಉರಿಯುತ್ತಿರುವ ಅಥವಾ ಬಿಸಿ ಆರದ ಒಲೆಗೆ ಎಣ್ಣೆ ತುಂಬುವುದು, ಆರಿದ ಬರ್ನರ್‌ಗೆ ಕಾಯಿಸದೆ ಪಂಪು ಹೊಡೆಯುವುದು ಮತ್ತು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಉರಿಸುವುದು ಅವಘಡದ ಇತರ ಕಾರಣಗಳು.

### 'ಸ್ಟೌ ಸಿಡಿತ' ಮತ್ತು ಕಾನೂನು

1980 ಮತ್ತು 1990ರ ದಶಕಗಳಲ್ಲಿ ಭಾರತದ ಅನೇಕ ವಿವಾಹಿತ ಮಹಿಳೆಯರ ಸುಟ್ಟಗಾಯದ ಸಾವುಗಳು ಸ್ಟೌ ಸಿಡಿದು ಸಂಭವಿಸಿದವು ಎಂದು ದಾಖಲಾದವು. ಇವುಗಳಲ್ಲಿ ಹಲವು ವರದಕ್ಷಿಣೆ ಕಿರುಕುಳದ ಪ್ರಕರಣಗಳೆಂದು ಮಹಿಳಾ ಸಂಘಟನೆಗಳು ವಾದಿಸಿದವು. ಬೆಂಗಳೂರಿನ ವಿಮೋಚನಾ ಸಂಘಟನೆ 1990ರ ದಶಕದ ಕೊನೆಯಲ್ಲಿ ನಗರದ ಇಂಥ ಸಾವುಗಳನ್ನು ಕಲೆಹಾಕಿ, ಅಪಘಾತವೆಂದು ಮುಕ್ತಾಯಗೊಳಿಸಿದ ಪ್ರಕರಣಗಳ ಬಗ್ಗೆ ಪ್ರಶ್ನೆ ಎತ್ತಿತು. ಭಾರತೀಯ ದಂಡ ಸಂಹಿತೆಗೆ 1983ರಲ್ಲಿ 498ಎ ಮತ್ತು 1986ರಲ್ಲಿ 304ಬಿ ಕಲಮುಗಳು ಸೇರ್ಪಡೆಯಾದವು. 2024ರ ಜುಲೈ 1ರಿಂದ ವರದಕ್ಷಿಣೆ ಸಾವಿನ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಿನಡಿ ಬರುತ್ತದೆ.

ಇಂಥ ಪ್ರಕರಣಗಳಲ್ಲಿ ಒಲೆಯ ಬಿಡಿಭಾಗಗಳೇ ಸಾಕ್ಷ್ಯವಾಗುತ್ತವೆ. ತೊಟ್ಟಿ ನಿಜವಾಗಿ ಒಡೆದಿದೆಯೇ, ಬೆಸುಗೆ ಬಿಟ್ಟಿದೆಯೇ, ಮುಚ್ಚಳ ಬಿಗಿಯಾಗಿತ್ತೇ, ವಾಷರ್ ಮತ್ತು ನಿಪ್ಪಲ್ ಯಾವ ಸ್ಥಿತಿಯಲ್ಲಿದ್ದವು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುವುದು ಒಲೆಯನ್ನು ಯಥಾಸ್ಥಿತಿಯಲ್ಲಿ ವಶಪಡಿಸಿಕೊಂಡು ಪರೀಕ್ಷಿಸಿದಾಗ ಮಾತ್ರ. ತೊಟ್ಟಿ, ಬೆಸುಗೆ ಮತ್ತು ಮುಚ್ಚಳಗಳು ಅಖಂಡವಾಗಿರುವ ಒಲೆ ಸಿಡಿದಿದೆ ಎನ್ನಲಾಗದು.

## ಬತ್ತಿ ಸ್ಟೌ

ಪಂಪ್ ಇಲ್ಲದ ಬತ್ತಿ ಸ್ಟೌಗಳ ಬಿಡಿಭಾಗಗಳು ಸರಳವಾದವು: ಹತ್ತಿಯ ಬತ್ತಿ, ಬತ್ತಿಯ ಕೊಳವೆಗಳು, ರಂಧ್ರಗಳಿರುವ ಒಳ ಮತ್ತು ಹೊರ ಉರುಳೆಗಳು ಹಾಗೂ ಬತ್ತಿ ಏರಿಸುವ ಸನ್ನೆ. 1970ರ ದಶಕದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಸಂಶೋಧನಾ ಕೇಂದ್ರ ಅಭಿವೃದ್ಧಿಪಡಿಸಿದ ನೂತನ್ ಸ್ಟೌ ಇವುಗಳಲ್ಲಿ ಹೆಸರಾದದ್ದು. ಇದರಲ್ಲಿ ಒತ್ತಡ ಇಲ್ಲದಿರುವುದರಿಂದ ನಿಪ್ಪಲ್ ಅಥವಾ ಕವಾಟದ ಅಗತ್ಯವಿಲ್ಲ. ಬತ್ತಿಯ ದಪ್ಪ ಕೊಳವೆಗೆ ಸರಿಹೊಂದದೆ ಸಡಿಲವಾದರೆ ಜ್ವಾಲೆ ಕೊಳವೆಯೊಳಗೆ ಇಳಿದು ತೊಟ್ಟಿಯ ಎಣ್ಣೆಯನ್ನು ತಲುಪುವ ಅಪಾಯವಿದೆ.

## ಬಳಕೆಯ ಇಳಿಕೆ

ಅಡುಗೆ ಅನಿಲದ ವಿಸ್ತರಣೆಯೊಂದಿಗೆ ಪಂಪ್ ಸ್ಟೌ ಬಳಕೆ ಇಳಿಯಿತು. ಕೇಂದ್ರ ಸರ್ಕಾರದ ಪ್ರಧಾನ ಮಂತ್ರಿ ಉಜ್ವಲಾ ಯೋಜನೆ 2016ರ ಮೇ 1ರಂದು ಆರಂಭವಾಯಿತು. ಕರ್ನಾಟಕ ಸರ್ಕಾರವೂ ಮುಖ್ಯಮಂತ್ರಿ ಅನಿಲ ಭಾಗ್ಯ ಯೋಜನೆಯನ್ನು ರೂಪಿಸಿತು. ಪಡಿತರದ ನೀಲಿ ಬಣ್ಣದ ಸೀಮೆಎಣ್ಣೆಯ ಹಂಚಿಕೆ ಕಡಿಮೆಯಾದಂತೆ ಬಿಡಿಭಾಗಗಳ ವ್ಯಾಪಾರವೂ ದುರಸ್ತಿಯ ವೃತ್ತಿಯೂ ಕ್ಷೀಣಿಸಿದವು. ಈಗ ಈ ಒಲೆಗಳು ಮುಖ್ಯವಾಗಿ ಚಾರಣಿಗರ, ಸಂಗ್ರಾಹಕರ ಮತ್ತು ಅನಿಲ ಸಂಪರ್ಕವಿಲ್ಲದವರ ಬಳಿ ಉಳಿದಿವೆ. ಪಂಪಿನ ಸ್ಪರ್ಶದಿಂದಲೇ ಕವಾಟದ ದೋಷವನ್ನು, ಜ್ವಾಲೆಯ ಸದ್ದಿನಿಂದಲೇ ನಿಪ್ಪಲ್‌ನ ದೋಷವನ್ನು ಗುರುತಿಸಬಲ್ಲ ದುರಸ್ತಿಗಾರರ ಅನುಭವ ಬಹುಮಟ್ಟಿಗೆ ಬರಹದಲ್ಲಿ ದಾಖಲಾಗಿಲ್ಲ.

## ಇವನ್ನೂ ನೋಡಿ

- ಸೀಮೆಎಣ್ಣೆ
- ಪೆಟ್ರೋಮ್ಯಾಕ್ಸ್
- ಹಿತ್ತಾಳೆ
- ಪ್ರಧಾನ ಮಂತ್ರಿ ಉಜ್ವಲಾ ಯೋಜನೆ
- ವರದಕ್ಷಿಣೆ